ನಂದಿಬೆಟ್ಟದ ಫೋಟೊ ಚೌಕಟ್ಟಿಗೆ ಕೂರಿಸುವ ಕೆಲಸ: ಒಂದು ಹೋಮ್‌ಸ್ಟೇ ಸೈಟಿನ ದುರಸ್ತಿ

ಸೈಟು ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹೋಮ್‌ಸ್ಟೇಯದು. ನಂದಿಬೆಟ್ಟದ ತಪ್ಪಲಿನ ಮನೆ. ಇರುವುದು ಒಂದು ಉದ್ದನೆಯ ಪುಟ, ಜೊತೆಗೆ ಬುಕಿಂಗ್ ಆದಮೇಲೆ ಬರುವ ಪುಟ್ಟ "ಧನ್ಯವಾದ" ಪುಟ. ಬಂದ ದೂರು ಎರಡೇ ಸಾಲು: ಲ್ಯಾಪ್‌ಟಾಪಿನಲ್ಲಿ ಬರೀ ಬಂಡೆ ಕಾಣುತ್ತದೆ, ಬೆಟ್ಟ ಕಾಣುವುದಿಲ್ಲ, ಐಫೋನಿನಲ್ಲಿ ಕಾಣುತ್ತಿರುವುದು ಏನೆಂದೇ ತಿಳಿಯುವುದಿಲ್ಲ.

ಶುರುವಿನಲ್ಲೇ ಒಂದು ಮಾತು. ಪುಟದ ರೂಪ ಹೇಗಿರಬೇಕೆಂದು ಹೇಳುವ ಸಿಎಸ್‌ಎಸ್ ಕೋಡಿನ ಸಾಲುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲೇ ಬರೆದಿದೆ. ಫೈಲಿಗೆ ಹಾಕುವಾಗ ಪ್ರಾಪರ್ಟಿ (ಕೋಲನ್ನಿನ ಎಡಗಡೆಯ ಹೆಸರು) ಮತ್ತು ಬೆಲೆಗಳು (ಅದರ ಬಲಗಡೆ ಬರೆಯುವುದು) ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಪಿಕ್ಸೆಲ್ ಎಂದಿರುವ ಕಡೆ ಅದರ ಎರಡಕ್ಷರದ ಗುರುತು ಬರಬೇಕು. ಕ್ಲಾಸಿನ ಹೆಸರನ್ನು ಮಾತ್ರ ಕನ್ನಡದಲ್ಲಿ ಇಟ್ಟರೂ ನಡೆಯುತ್ತದೆ. ಸಿಎಸ್‌ಎಸ್ ಯೂನಿಕೋಡ್ ಹೆಸರನ್ನು ಒಪ್ಪುತ್ತದೆ, ಫೈಲು ಯುಟಿಎಫ್-8 ಆಗಿ ಸೇವ್ ಆಗಿದ್ದರೆ ಸಾಕು. ಕೆಳಗಿನ ".ತಲೆಪಟ್ಟಿ" ನಿಜವಾಗಿಯೂ ಕೆಲಸ ಮಾಡುವ ಕ್ಲಾಸು, ಪುಟದ ಮೇಲ್ತುದಿಯಲ್ಲಿ ಫೋಟೊ ಕೂರುವ ಪಟ್ಟಿಯದು.

ಬಿಚ್ಚಿ ನೋಡಿದಾಗ ಇದ್ದದ್ದು

.ತಲೆಪಟ್ಟಿ {
  ಹೈಟ್: 420ಪಿಕ್ಸೆಲ್;
  ಬ್ಯಾಕ್‌ಗ್ರೌಂಡ್-ಸೈಜ್: ಕವರ್;
  ಬ್ಯಾಕ್‌ಗ್ರೌಂಡ್: ಯುಆರ್‌ಎಲ್("ನಂದಿ.ಜೆಪಿಜಿ") ಸೆಂಟರ್ ಫಿಕ್ಸೆಡ್;
}

ಫೋಟೊ ಕ್ಯಾಮೆರಾದಿಂದ ಇಳಿಸಿದ ಹಾಗೇ ಇದೆ: 6000×4000 ಪಿಕ್ಸೆಲ್, ಅಂದರೆ ಅನುಪಾತ 3:2. ಲ್ಯಾಪ್‌ಟಾಪಿನಲ್ಲಿ ತಲೆಪಟ್ಟಿಯ ಅಳತೆ 1366×420. ಮೊಬೈಲಿಗೆ ಬೇರೆ ಸಾಲಿನಲ್ಲಿ ಎತ್ತರ ಬದಲಿಸಿದ್ದರು. ಅಲ್ಲಿ ಸುಮಾರು 360×640. ಫೋಟೊದಲ್ಲಿ ಬೆಟ್ಟದ ನೆತ್ತಿ ಇರುವುದು ಎಡದಿಂದ ಶೇ. 68ರಲ್ಲಿ, ಮೇಲಿನಿಂದ ಶೇ. 28ರಲ್ಲಿ. ಗಿಂಪ್ ಎಂಬ ಫೋಟೊ ತಿದ್ದುವ ತಂತ್ರಾಂಶದಲ್ಲಿ ಫೋಟೊ ತೆರೆದು ಮೌಸ್ ಅನ್ನು ನೆತ್ತಿಯ ಮೇಲಿಟ್ಟರೆ ಕೆಳಗಿನ ಪಟ್ಟಿಯಲ್ಲಿ 4080, 1120 ಎಂದು ತೋರಿಸುತ್ತದೆ. ಮೊದಲನೆಯದನ್ನು 6000ದಿಂದ, ಎರಡನೆಯದನ್ನು 4000ದಿಂದ ಭಾಗಿಸಿದರೆ ಈ ಶೇಕಡಾಗಳು ಸಿಗುತ್ತವೆ. ಈ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಇವುಗಳ ಮೇಲೇ ನಿಂತಿದೆ.

ಮೊದಲ ದೋಷ ಸಾಲುಗಳ ಕ್ರಮದ್ದು. "ಬ್ಯಾಕ್‌ಗ್ರೌಂಡ್" ಎಂಬ ಒಟ್ಟು ಸಾಲು ತಾನು ಹೇಳದ ಉಪಪ್ರಾಪರ್ಟಿಗಳನ್ನೂ ಮೂಲ ಬೆಲೆಗೆ ತಳ್ಳುತ್ತದೆ. ಮೇಲಿನ ಸಾಲಿನಲ್ಲಿ ಕವರ್ (ಚೌಕಟ್ಟು ಪೂರ್ತಿ ತುಂಬುವ ಅಳತೆ) ಎಂದು ಬರೆದಿದ್ದರೂ ಕೆಳಗೆ ಒಟ್ಟು ಸಾಲು ಬಂದ ಕೂಡಲೇ ಸೈಜ್ ಮತ್ತೆ "ಆಟೊ" ಆಗುತ್ತದೆ. ಆಗ ಫೋಟೊ ತನ್ನ ಪೂರ್ತಿ 6000 ಪಿಕ್ಸೆಲ್ ಅಗಲದಲ್ಲೇ ಕೂರುತ್ತದೆ, 1366×420ರ ಕಿಂಡಿಯಲ್ಲಿ ಅದರ ಶೇ. 2.4ರಷ್ಟು ಭಾಗ ಮಾತ್ರ ಕಾಣುತ್ತದೆ. ನಡುವಿನ ಆ ಚೂರಿನಲ್ಲಿ ಇದ್ದದ್ದು ಬಂಡೆ. ದೂರು ಅಕ್ಷರಶಃ ಸರಿಯಾಗಿಯೇ ಇತ್ತು.

ಇದನ್ನು ಸರಿಪಡಿಸಲು ಎರಡು ದಾರಿ. ಸೈಜ್ ಸಾಲನ್ನು ಒಟ್ಟು ಸಾಲಿನ ಕೆಳಗೆ ಇಳಿಸಬಹುದು, ಇಲ್ಲವೇ ಒಟ್ಟು ಸಾಲಿನೊಳಗೇ ಸೇರಿಸಬಹುದು. ಒಳಗೆ ಸೇರಿಸುವುದಾದರೆ ಪೊಸಿಶನ್ ಬರೆದು, ಓರೆಗೆರೆ ಹಾಕಿ, ಆಮೇಲೆ ಸೈಜ್: "ಸೆಂಟರ್ / ಕವರ್". ಓರೆಗೆರೆ ಬಿಟ್ಟರೆ ಅಥವಾ ಪೊಸಿಶನ್ ಇಲ್ಲದೆ ಬರೀ ಸೈಜ್ ಬರೆದರೆ ಬ್ರೌಸರ್ ಇಡೀ ಸಾಲನ್ನೇ ಬಿಟ್ಟುಬಿಡುತ್ತದೆ. ಆಗ ಫೋಟೊವೇ ಮಾಯ. ಡೆವ್‌ಟೂಲ್ಸ್‌ನಲ್ಲಿ (ಬ್ರೌಸರಿನೊಳಗೇ ಇರುವ, ಕೋಡು ಪರೀಕ್ಷಿಸುವ ಕಿಟಕಿ) ಆ ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಹಳದಿ ಎಚ್ಚರಿಕೆ ಇದ್ದರೆ ಕಾರಣ ಬಹುಪಾಲು ಇದೇ. ದುರಸ್ತಿ ಕೆಲಸದಲ್ಲಿ ಪ್ರತಿ ಪ್ರಾಪರ್ಟಿಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯುವುದೇ ವಾಸಿ. ನಾಲ್ಕು ಸಾಲು ಹೆಚ್ಚಾದರೂ ಆರು ತಿಂಗಳ ನಂತರ ಫೈಲು ತೆರೆಯುವವರಿಗೆ ತಲೆನೋವು ಕಡಿಮೆ.

ಫಿಕ್ಸೆಡ್ ತೆಗೆದಾಗ ಹೊರಬಿದ್ದದ್ದು

ಸೈಜ್ ಸರಿಯಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಬೆಟ್ಟ ಚೆನ್ನಾಗಿಯೇ ಕೂತಂತೆ ಕಂಡಿತು. ಅದು ಆಕಸ್ಮಿಕ. "ಅಟ್ಯಾಚ್‌ಮೆಂಟ್: ಫಿಕ್ಸೆಡ್" ಇದ್ದರೆ ಕವರ್ ಅಳತೆಗೆ ತೆಗೆದುಕೊಳ್ಳುವುದು ತಲೆಪಟ್ಟಿಯನ್ನಲ್ಲ, ಬ್ರೌಸರಿನ ಇಡೀ ಕಿಟಕಿಯನ್ನು. 1366×768ರ ಲ್ಯಾಪ್‌ಟಾಪಿನಲ್ಲಿ ಟ್ಯಾಬು, ವಿಳಾಸಪಟ್ಟಿ ಕಳೆದು ಸುಮಾರು 650 ಪಿಕ್ಸೆಲ್ ಎತ್ತರ ಉಳಿಯುತ್ತದೆ. ಆ ಲೆಕ್ಕದಲ್ಲಿ ನೆತ್ತಿ ಮೇಲಿನಿಂದ 125 ಪಿಕ್ಸೆಲ್ ಕೆಳಗೆ ಬರುತ್ತಿತ್ತು. ಸ್ಕ್ರಾಲ್ ಮಾಡಿದರೆ ತಲೆಪಟ್ಟಿ ಮೇಲೆ ಸರಿಯುತ್ತದೆ, ಫೋಟೊ ನಿಂತಲ್ಲೇ ನಿಲ್ಲುತ್ತದೆ. ಐಫೋನಿನ ಸಫಾರಿಯಲ್ಲಂತೂ ಫಿಕ್ಸೆಡ್ ಮತ್ತು ಕವರ್ ಜೋಡಿ ನಂಬುವಂಥದ್ದಲ್ಲ, ಚಿತ್ರ ವಿಪರೀತ ಹಿಗ್ಗಿಹೋಗುವುದು ಅಲ್ಲಿನ ಹಳೆಯ ಕಾಯಿಲೆ. ಎರಡನೆಯ ದೂರಿನ ಮೂಲ ಇಲ್ಲಿತ್ತು. ಫಿಕ್ಸೆಡ್ ಎಂಬ ಪದವನ್ನು ತೆಗೆದುಹಾಕಿದ್ದಾಯಿತು.

ತೆಗೆದ ತಕ್ಷಣ ಲ್ಯಾಪ್‌ಟಾಪಿನಲ್ಲಿ ನೆತ್ತಿ ಮೇಲಕ್ಕೆ ಹಾರಿತು. ಯಾಕೆಂದು ತಿಳಿಯಲು ಕವರ್‌ನ ಲೆಕ್ಕ ಗೊತ್ತಿರಬೇಕು. ಚೌಕಟ್ಟಿನ ಅಗಲವನ್ನು ಚಿತ್ರದ ಅಗಲದಿಂದ ಭಾಗಿಸಿ, ಎತ್ತರವನ್ನು ಎತ್ತರದಿಂದ ಭಾಗಿಸಿ. ಎರಡರಲ್ಲಿ ದೊಡ್ಡ ಸಂಖ್ಯೆಯಿಂದ ಚಿತ್ರವನ್ನು ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ಅದು ಕವರ್. ಚಿಕ್ಕ ಸಂಖ್ಯೆಯಿಂದ ಮಾಡಿದರೆ ಕಂಟೇನ್. ಕವರ್ ಚೌಕಟ್ಟನ್ನು ಪೂರ್ತಿ ಮುಚ್ಚುತ್ತದೆ, ಮಿಕ್ಕಿದ್ದನ್ನು ಕತ್ತರಿಸುತ್ತದೆ. ತಲೆಗೆಳೆದರೆ ಕಾಲಿಗಿಲ್ಲ, ಕಾಲಿಗೆಳೆದರೆ ತಲೆಗಿಲ್ಲ ಅನ್ನುವ ಗಿಡ್ಡ ಕಂಬಳಿ ಕಂಟೇನ್. ಅದರಲ್ಲಿ ಫೋಟೊ ಪೂರ್ತಿ ಕಾಣುತ್ತದೆ, ಚೌಕಟ್ಟು ಬರಿದಾಗಿ ಉಳಿಯುತ್ತದೆ. ಮೂರನೆಯ ದಾರಿಯೂ ಒಂದಿದೆ, "100% 100%". ಬಿ.ಬಿ. ರಸ್ತೆಯ ಫ್ಲೆಕ್ಸುಗಳಲ್ಲಿ ಕೆಲವು ಮುಖಗಳು ಅಡ್ಡಡ್ಡ ಊದಿಕೊಂಡಿರುತ್ತವಲ್ಲ, ಅದೇ ಕೆಲಸ. ಬೆಟ್ಟಕ್ಕೆ ಅದನ್ನು ಹಾಕಿದರೆ ನಂದಿ ಮಲಗಿದ ದಿಬ್ಬವಾಗುತ್ತದೆ.

ನಮ್ಮ ಲೆಕ್ಕ: 1366ನ್ನು 6000ದಿಂದ ಭಾಗಿಸಿದರೆ 0.2277, 420ನ್ನು 4000ದಿಂದ ಭಾಗಿಸಿದರೆ 0.105. ದೊಡ್ಡದು ಅಗಲದ್ದು. ಹಾಗಾಗಿ ಫೋಟೊ 1366×910.67 ಆಗುತ್ತದೆ, ಎತ್ತರದಲ್ಲಿ 490.67 ಪಿಕ್ಸೆಲ್ ಹೊರಗೆ ಉಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಫೋಟೊ ಕತ್ತರಿಗೆ ಹೋಯಿತು. ಸೆಂಟರ್ ಎಂದರೆ ಮೇಲೆ 245, ಕೆಳಗೆ 245. ನೆತ್ತಿ ಇರುವುದು 910.67ರ ಶೇ. 28ರಲ್ಲಿ, ಅಂದರೆ 255ರಲ್ಲಿ. 255ರಲ್ಲಿ 245 ಕಳೆದರೆ ಉಳಿಯುವುದು ಹತ್ತು. ಮೆನು ಪಟ್ಟಿಯ ಎತ್ತರ 64. ನೆತ್ತಿ ಅದರ ಹಿಂದೆ ಅಡಗಿತು.

ಶೇಕಡಾ ಪೊಸಿಶನ್‌ನ ಗುಟ್ಟು

ಬ್ಯಾಕ್‌ಗ್ರೌಂಡ್-ಪೊಸಿಶನ್‌ನ ಶೇಕಡಾವನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. "28%" ಎಂದರೆ ಚಿತ್ರದ ಮೇಲಂಚು ಚೌಕಟ್ಟಿನ ಶೇ. 28ರಲ್ಲಿ ಕೂರುತ್ತದೆ ಎಂದಲ್ಲ. ಚಿತ್ರದ ಶೇ. 28ರ ಬಿಂದು ಚೌಕಟ್ಟಿನ ಶೇ. 28ರ ಬಿಂದುವಿನ ಮೇಲೆ ಬಂದು ನಿಲ್ಲುತ್ತದೆ. ಇದರಿಂದ ಒಂದು ಅನುಕೂಲ ಪುಕ್ಕಟೆ ಸಿಗುತ್ತದೆ: ಫೋಟೊದಲ್ಲಿ ಕತ್ತರಿಸಲೇಬಾರದ ಬಿಂದು ಯಾವ ಶೇಕಡಾದಲ್ಲಿದೆಯೋ ಅದನ್ನೇ ಪೊಸಿಶನ್‌ಗೆ ಬರೆದರೆ ಆ ಬಿಂದು ಯಾವ ಪರದೆಯಲ್ಲೂ ಚೌಕಟ್ಟಿನಿಂದ ಹೊರಗೆ ಹೋಗುವುದಿಲ್ಲ.

  ಬ್ಯಾಕ್‌ಗ್ರೌಂಡ್-ಪೊಸಿಶನ್: 68% 28%;

1366 ಅಗಲದಲ್ಲಿ ನೆತ್ತಿ 420ರ ಶೇ. 28ರಲ್ಲಿ, ಅಂದರೆ ಮೇಲಿನಿಂದ 117.6 ಪಿಕ್ಸೆಲಿನಲ್ಲಿ ನಿಲ್ಲುತ್ತದೆ. 1920ರಲ್ಲೂ 117.6, 2560ರಲ್ಲೂ 117.6. ಫೋಟೊ ಹಿಗ್ಗುತ್ತದೆ, ನೆತ್ತಿ ಕದಲುವುದಿಲ್ಲ. 64 ಪಿಕ್ಸೆಲ್ ಮೆನುವಿನ ಕೆಳಗೆ 53 ಪಿಕ್ಸೆಲ್ ಆಕಾಶ ಸಿಕ್ಕಿತು.

ಮೊಬೈಲಿನಲ್ಲಿ ಇದೇ ಸಾಲು ಇನ್ನೊಂದು ದಿಕ್ಕಿನಲ್ಲಿ ದುಡಿಯುತ್ತದೆ. 360×640ರಲ್ಲಿ ಎತ್ತರದ ಭಾಗಲಬ್ಧ ದೊಡ್ಡದು, ಆದ್ದರಿಂದ ಫೋಟೊ 960×640 ಆಗುತ್ತದೆ. ಈಗ ಕತ್ತರಿ ಬೀಳುವುದು ಅಗಲಕ್ಕೆ, 600 ಪಿಕ್ಸೆಲ್. ನೆತ್ತಿ 360ರ ಶೇ. 68ರಲ್ಲಿ, ಎಡದಿಂದ 245ರಲ್ಲಿ ಕಾಣುತ್ತದೆ. ಅದು ನಟ್ಟನಡುವೆಯೇ ಬೇಕೆಂದು ಹಟ ಹಿಡಿದರೆ ಸೂತ್ರ ಹೀಗೆ: ಹಿಗ್ಗಿದ ಚಿತ್ರದಲ್ಲಿ ಬಿಂದು ಇರುವ ದೂರದಿಂದ ಚೌಕಟ್ಟಿನಲ್ಲಿ ಅದು ಬರಬೇಕಾದ ದೂರ ಕಳೆಯಿರಿ, ಚಿತ್ರದ ಅಗಲದಿಂದ ಚೌಕಟ್ಟಿನ ಅಗಲ ಕಳೆಯಿರಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. 652.8ರಿಂದ 180 ಕಳೆದು 600ರಿಂದ ಭಾಗಿಸಿದರೆ 78.8%. ಆದರೆ ಈ ಅಂಕಿ 360×640ಕ್ಕೆ ಮಾತ್ರ ಸರಿ. ಪರದೆ ಬದಲಾದರೆ ನೆತ್ತಿ ಪಕ್ಕಕ್ಕೆ ಸರಿಯುತ್ತದೆ. ಬೆಟ್ಟ ಸ್ವಲ್ಪ ಬಲಕ್ಕಿದ್ದರೆ ನಷ್ಟವೇನಿಲ್ಲ, 68 ಇದ್ದದ್ದು ಹಾಗೇ ಇರಲಿ.

"ಪೊಸಿಶನ್ ಬದಲಿಸಿದೆ, ಏನೂ ಅಲುಗಾಡಲಿಲ್ಲ" ಎಂಬ ಗೋಳಿಗೂ ಇಲ್ಲೇ ಉತ್ತರ ಇದೆ. ಲ್ಯಾಪ್‌ಟಾಪಿನಲ್ಲಿ ಚಿತ್ರದ ಅಗಲವೂ ಚೌಕಟ್ಟಿನ ಅಗಲವೂ ಒಂದೇ, 1366. ವ್ಯತ್ಯಾಸ ಸೊನ್ನೆ. ಸೊನ್ನೆಯ ಶೇ. 68 ಎಷ್ಟಾದೀತು? ಅಡ್ಡ ಶೇಕಡಾ ಅಲ್ಲಿ ನಿರುದ್ಯೋಗಿ, ಮೊಬೈಲಿನಲ್ಲಿ ಉದ್ದದ ಶೇಕಡಾ ನಿರುದ್ಯೋಗಿ. ಯಾವ ದಿಕ್ಕಿನಲ್ಲಿ ಸಡಿಲ ಇದೆ ಎಂದು ತಿಳಿಯಲು ಅನುಪಾತ ಹೋಲಿಸಿದರೆ ಸಾಕು: ಚೌಕಟ್ಟಿನದು ಚಿತ್ರದ 1.5ಕ್ಕಿಂತ ದೊಡ್ಡದಾದರೆ ಮೇಲೆ ಕೆಳಗೆ ಕತ್ತರಿ, ಚಿಕ್ಕದಾದರೆ ಎಡ ಬಲಕ್ಕೆ.

ಎತ್ತರ ಮತ್ತು ಕನ್ನಡ ಅಕ್ಷರ

"ಹೈಟ್: 420ಪಿಕ್ಸೆಲ್" ಇಂಗ್ಲಿಷ್ ಶೀರ್ಷಿಕೆಗೆ ಹೊಂದಿತ್ತೇನೋ. "ನಂದಿಬೆಟ್ಟದ ತಪ್ಪಲಿನಲ್ಲಿ ತಂಗಲು ನಾಲ್ಕು ಕೋಣೆಯ ಮನೆ" ಎಂದು ಕನ್ನಡದಲ್ಲಿ ಬರೆದರೆ ಮೊಬೈಲಿನಲ್ಲಿ ಮೂರು ನಾಲ್ಕು ಸಾಲಾಗುತ್ತದೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕು; ಲೈನ್-ಹೈಟ್ 1.2 ಇಟ್ಟರೆ ಮೇಲಿನ ಸಾಲಿನ "ಟ್ಟ" ಕೆಳಗಿನ ಸಾಲಿನ "ಲಿ"ಗೆ ಡಿಕ್ಕಿ ಹೊಡೆಯುತ್ತದೆ. ಲೈನ್-ಹೈಟನ್ನು 1.5ಕ್ಕೆ ಏರಿಸಿದೆ. ಹೈಟ್ ತೆಗೆದು ಮಿನ್-ಹೈಟ್ ಹಾಕಿದೆ, ಅಕ್ಷರ ಹೆಚ್ಚಾದರೆ ಚೌಕಟ್ಟೂ ಬೆಳೆಯುತ್ತದೆ.

ಇದರ ಇನ್ನೊಂದು ಪರಿಣಾಮ ಗಮನಿಸಬೇಕಾದದ್ದು. ಕನ್ನಡ ವೆಬ್ ಫಾಂಟ್ ತಡವಾಗಿ ಇಳಿದು, ಮೊದಲು ತೋರಿದ ಸಿಸ್ಟಂ ಫಾಂಟಿನ ಜಾಗಕ್ಕೆ ಬಂದಾಗ ಸಾಲುಗಳ ಎತ್ತರ ಬದಲಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಅಳತೆ ನಿರ್ಧರಿಸುವುದು ಅಗಲ, ಹಾಗಾಗಿ ಫೋಟೊ ಒಂದೆರಡು ಪಿಕ್ಸೆಲ್ ಸರಿದು ಸುಮ್ಮನಾಗುತ್ತದೆ. ಮೊಬೈಲಿನಲ್ಲಿ ಅಳತೆ ನಿರ್ಧರಿಸುವುದೇ ಎತ್ತರ. ಅಕ್ಷರದಿಂದ ಚೌಕಟ್ಟು 40 ಪಿಕ್ಸೆಲ್ ಬೆಳೆದರೆ ಇಡೀ ಬೆಟ್ಟ ಕಣ್ಣೆದುರೇ ಉಬ್ಬುತ್ತದೆ. ಮಿನ್-ಹೈಟನ್ನು ಅಕ್ಷರ ತುಂಬುವುದಕ್ಕಿಂತ ಧಾರಾಳವಾಗಿ ಇಡುವುದೇ ಇದಕ್ಕೆ ಮದ್ದು. ಆಗ ಫಾಂಟ್ ಬದಲಾದರೂ ಚೌಕಟ್ಟು ಅಲುಗುವುದಿಲ್ಲ.

ಮೊಬೈಲಿಗೆ ಹಳೆಯ ಕೋಡಿನಲ್ಲಿ 100ವಿಎಚ್ ಇತ್ತು, ಅಂದರೆ ಪರದೆಯ ಪೂರ್ತಿ ಎತ್ತರ. ಮೊಬೈಲ್ ಬ್ರೌಸರುಗಳು ವಿಎಚ್ ಅನ್ನು ವಿಳಾಸಪಟ್ಟಿ ಮರೆಯಾದಾಗಿನ ದೊಡ್ಡ ಎತ್ತರಕ್ಕೆ ಲೆಕ್ಕ ಹಾಕುತ್ತವೆ, ಹೀಗಾಗಿ ಪುಟ ತೆರೆದ ಕೂಡಲೇ ತಲೆಪಟ್ಟಿಯ ತಳ ಪರದೆಯಿಂದ ಕೆಳಗೆ ಇಳಿದಿರುತ್ತದೆ. "ಕೋಣೆ ಕಾಯ್ದಿರಿಸಿ" ಗುಂಡಿ ಅಲ್ಲೇ ಇತ್ತು, ಕಾಣದೆ. ಬದಲಿಗೆ 100ಎಸ್‌ವಿಎಚ್, ಅಂದರೆ ವಿಳಾಸಪಟ್ಟಿ ಇರುವಾಗಿನ ಚಿಕ್ಕ ಎತ್ತರ. ಹಳೆಯ ಬ್ರೌಸರಿಗಾಗಿ ವಿಎಚ್ ಸಾಲು ಮೇಲೆ, ಎಸ್‌ವಿಎಚ್ ಸಾಲು ಅದರ ಕೆಳಗೆ. ಎಸ್‌ವಿಎಚ್ ಗೊತ್ತಿಲ್ಲದ ಬ್ರೌಸರುಗಳು ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಹಿಡಿಯುತ್ತವೆ. ಡಿವಿಎಚ್ ಎಂಬುದೂ ಇದೆ. ಅದು ಸ್ಕ್ರಾಲ್ ಮಾಡುವಾಗ ಬದಲಾಗುತ್ತಲೇ ಇರುತ್ತದೆ, ಜೊತೆಗೆ ಕವರ್ ಕೂಡ ಮತ್ತೆ ಮತ್ತೆ ಲೆಕ್ಕ ಹಾಕುತ್ತದೆ, ಬೆಟ್ಟ ಉಸಿರಾಡಿದಂತೆ ಕಾಣುತ್ತದೆ. ಹಿನ್ನೆಲೆ ಚಿತ್ರ ಇರುವ ಕಡೆ ಡಿವಿಎಚ್ ಬೇಡ.

ಮೊಬೈಲಿಗೆ ಬೇರೆ ಫೋಟೊ ಯಾಕೆ

68% 28% ಸಾಲು ನೆತ್ತಿಯನ್ನು ಉಳಿಸಿತು ನಿಜ. ಆದರೆ 960 ಅಗಲದ ಚಿತ್ರದಲ್ಲಿ ಕಾಣುವುದು 360, ಶೇ. 37.5. ಮಿಕ್ಕಿದ್ದನ್ನೆಲ್ಲ ಮೊಬೈಲ್ ಡೇಟಾ ಖರ್ಚು ಮಾಡಿ ತಂದು ಕಸಕ್ಕೆ ಹಾಕಿದಂತೆ. ಸಾಂದ್ರತೆ 3 ಇರುವ (ಕೋಡಿನ ಒಂದು ಪಿಕ್ಸೆಲಿಗೆ ಅಡ್ಡಕ್ಕೂ ಉದ್ದಕ್ಕೂ ಮೂರು ಮೂರು ನಿಜ ಪಿಕ್ಸೆಲ್ ಇರುವ) ಪರದೆಯಲ್ಲಿ ಅದು ಚೂಪಾಗಿ ಕಾಣಬೇಕೆಂದರೆ 2880×1920ರ ಫೈಲ್ ಬೇಕು.

ಮೂಲ ಫೋಟೊದಿಂದಲೇ ನಿಂತ ಆಕಾರದ ಚೂರೊಂದನ್ನು ಕತ್ತರಿಸಿದೆ. ಗಿಂಪ್‌ನ ಕ್ರಾಪ್ ಸಾಧನದಲ್ಲಿ ಅಗಲ 2667, ಎತ್ತರ 4000, ಎಡದಿಂದ 2747, ಮೇಲಿನಿಂದ 0. ನೆತ್ತಿಯ 4080ರಿಂದ ಅಗಲದ ಅರ್ಧ 1333 ಕಳೆದದ್ದೇ 2747. ಆಮೇಲೆ 1280×1920ಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪದಲ್ಲಿ ಎಕ್ಸ್‌ಪೋರ್ಟ್, ಗುಣಮಟ್ಟ 75. ಎಕ್ಸಿಫ್ (ಕ್ಯಾಮೆರಾ ಫೋಟೊದೊಳಗೆ ಬರೆದಿಡುವ ವಿವರ) ಉಳಿಸುವ ಗುರುತು ತೆಗೆದಿರಬೇಕು, ಇಲ್ಲದಿದ್ದರೆ ಫೋಟೊ ತೆಗೆದ ಜಾಗದ ಜಿಪಿಎಸ್ ಅಂಕಿಯೂ ಜೊತೆಗೆ ಹೋಗಬಹುದು. ಅನುಪಾತ 9:16ರ ಬದಲು 2:3 ಹಿಡಿದದ್ದು ಬೇಕೆಂದೇ. 360×640ರಲ್ಲಿ ಚಿತ್ರ 426.7×640 ಆಗುತ್ತದೆ, ಎರಡೂ ಬದಿಯಲ್ಲಿ 33 ಪಿಕ್ಸೆಲ್ ಸಡಿಲ. ಇನ್ನೂ ಉದ್ದನೆಯ ಫೋನಿಗೂ, ಅಗಲವಾದ ಟ್ಯಾಬ್ಲೆಟ್ಟಿಗೂ ಅದು ಹೊಂದಿಕೊಳ್ಳುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಫೈಲ್ ಬದಲಿಸಿ ಪೊಸಿಶನ್ ಬದಲಿಸುವುದನ್ನು ಮರೆಯುವುದು. ಹೊಸ ಚೂರಿನಲ್ಲಿ ನೆತ್ತಿ 68ರಲ್ಲಿ ಇಲ್ಲ, 50ರಲ್ಲಿದೆ.

ಅಗಲ ಪರದೆಗೆ 1920×1280ರ ಒಂದು, ಸಾಂದ್ರತೆ 2 ಇರುವ ಲ್ಯಾಪ್‌ಟಾಪಿಗೆ 2880×1920ರ ಒಂದು, ಎರಡನ್ನೂ ಇಮೇಜ್-ಸೆಟ್ ಒಳಗೆ ಕೊಟ್ಟಿದೆ, ಪರದೆಯ ಸಾಂದ್ರತೆಗೆ ತಕ್ಕದ್ದನ್ನು ಬ್ರೌಸರೇ ಆರಿಸುತ್ತದೆ. ಮೂಲ 6000×4000 ಮಾತ್ರ ಸರ್ವರಿಗೆ ಹೋಗಲೇಬಾರದು. ಜೆಪೆಗ್ ಫೈಲು ಎಷ್ಟೇ ಪುಟ್ಟದಿರಲಿ, ಬ್ರೌಸರ್ ಅದನ್ನು ಬಿಡಿಸಿದಾಗ ಪ್ರತಿ ಪಿಕ್ಸೆಲಿಗೆ 4 ಬೈಟ್ ಬೇಕು: 6000×4000×4 ಅಂದರೆ 96 ಎಂಬಿ ಮೆಮೊರಿ. 1280×1920ಕ್ಕೆ ಹತ್ತು ಎಂಬಿಯೂ ಆಗುವುದಿಲ್ಲ. ಕಡಿಮೆ ರ‍್ಯಾಮಿನ ಫೋನು ಸ್ಕ್ರಾಲ್ ಮಾಡುವಾಗ ತೊದಲುವುದು ಎಷ್ಟೋ ಸಲ ಇದರಿಂದಲೇ.

ಅಕ್ಷರದ ಹಿಂದಿನ ಮಬ್ಬು

ಮುಂಜಾನೆಯ ಫೋಟೊ, ಅರ್ಧ ಭಾಗ ಬಿಳಿ ಮೋಡ. ಅದರ ಮೇಲೆ ಬಿಳಿ ಅಕ್ಷರ. ಕಪ್ಪು ತೆರೆ ಹಾಕುವುದು ಎಲ್ಲರಿಗೂ ಗೊತ್ತು. ಎಷ್ಟು ಕಪ್ಪು ಎಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ಅಪ್ಪಟ ಬಿಳಿಯ ಮೇಲೆ 0.4 ಕಪ್ಪು ತೆರೆ ಹಾಕಿದರೆ ಬಿಳಿ ಅಕ್ಷರದ ಕಾಂಟ್ರಾಸ್ಟ್ 2.85, ದಪ್ಪ ಶೀರ್ಷಿಕೆಗೆ ಬೇಕಾದ 3ಕ್ಕೂ ಸಾಲದು. 0.5ಕ್ಕೆ 3.98. 0.55ಕ್ಕೆ 4.74, ಸಣ್ಣ ಅಕ್ಷರಕ್ಕೆ ಡಬ್ಲ್ಯೂಸಿಎಜಿ (ಎಲ್ಲರಿಗೂ ಓದಲು ಬರುವಂತೆ ವೆಬ್ ಪುಟ ಮಾಡುವ ಮಾರ್ಗಸೂಚಿ) ಕೇಳುವ 4.5 ದಾಟಿತು. ಹಿಂದೆ ಎಂಥ ಬಿಳಿ ಮೋಡ ಬಂದರೂ 0.55 ತಡೆಯುತ್ತದೆ. ಇಡೀ ಫೋಟೊ ಮಂಕಾಗಬಾರದೆಂದರೆ ಗ್ರೇಡಿಯಂಟ್ (ಮೆಲ್ಲಗೆ ಗಾಢವಾಗುತ್ತ ಹೋಗುವ ತೆರೆ) ಅನ್ನು ಮೇಲೆ 0.15ರಿಂದ ಶುರು ಮಾಡಿ ಅಕ್ಷರ ಕೂರುವ ಕೆಳಭಾಗದಲ್ಲಿ 0.55ಕ್ಕೆ ತನ್ನಿ. ನೆತ್ತಿ ಮೇಲಿದೆ, ಅಕ್ಷರ ಕೆಳಗೆ, ಇಬ್ಬರಿಗೂ ಜಗಳವಿಲ್ಲ. ಮೆನುವಿಗೆ ಮಾತ್ರ ಅದರದೇ ಗಟ್ಟಿ ಬಣ್ಣ ಕೊಡಬೇಕು.

ಪದರಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ಎಲ್ಲಕ್ಕಿಂತ ಮೇಲೆ. ಗ್ರೇಡಿಯಂಟನ್ನು ಫೋಟೊದ ನಂತರ ಬರೆದರೆ ಅದು ಫೋಟೊದ ಅಡಿಗೆ ಸೇರಿ ಕಾಣುವುದೇ ಇಲ್ಲ.

ಇಷ್ಟಾದ ಮೇಲೆ ತಲೆಪಟ್ಟಿಯ ಕೋಡು:

.ತಲೆಪಟ್ಟಿ {
  ಮಿನ್-ಹೈಟ್: 420ಪಿಕ್ಸೆಲ್;
  ಬ್ಯಾಕ್‌ಗ್ರೌಂಡ್-ಕಲರ್: #2ಬಿ3ಎ33;
  ಬ್ಯಾಕ್‌ಗ್ರೌಂಡ್-ಇಮೇಜ್: ಲೀನಿಯರ್-ಗ್ರೇಡಿಯಂಟ್(ಆರ್‌ಜಿಬಿಎ(0,0,0,0.15), ಆರ್‌ಜಿಬಿಎ(0,0,0,0.55) 60%), ಯುಆರ್‌ಎಲ್("ನಂದಿ-1920.ವೆಬ್‌ಪಿ");
  ಬ್ಯಾಕ್‌ಗ್ರೌಂಡ್-ಸೈಜ್: ಕವರ್;
  ಬ್ಯಾಕ್‌ಗ್ರೌಂಡ್-ಪೊಸಿಶನ್: 68% 28%;
  ಬ್ಯಾಕ್‌ಗ್ರೌಂಡ್-ರಿಪೀಟ್: ನೋ-ರಿಪೀಟ್;
}
@ಮೀಡಿಯಾ (ಮ್ಯಾಕ್ಸ್-ಆಸ್ಪೆಕ್ಟ್-ರೇಶಿಯೊ: 1/1) {
  .ತಲೆಪಟ್ಟಿ {
    ಮಿನ್-ಹೈಟ್: 100ವಿಎಚ್;
    ಮಿನ್-ಹೈಟ್: 100ಎಸ್‌ವಿಎಚ್;
    ಬ್ಯಾಕ್‌ಗ್ರೌಂಡ್-ಇಮೇಜ್: ಅದೇ ಗ್ರೇಡಿಯಂಟ್, ಯುಆರ್‌ಎಲ್("ನಂದಿ-ನಿಂತ.ವೆಬ್‌ಪಿ");
    ಬ್ಯಾಕ್‌ಗ್ರೌಂಡ್-ಪೊಸಿಶನ್: 50% 28%;
  }
}

"ಅದೇ ಗ್ರೇಡಿಯಂಟ್" ಎಂದಿರುವ ಕಡೆ ಮೇಲಿನ ಗ್ರೇಡಿಯಂಟನ್ನೇ ಪೂರ್ತಿ ಬರೆಯಬೇಕು. ಇಮೇಜ್-ಸೆಟ್ ಸಾಲನ್ನು ಉದ್ದವಾಗುತ್ತದೆಂದು ಬಿಟ್ಟಿದೆ. ಅದು ಮೊದಲ ಇಮೇಜ್ ಸಾಲಿನ ಕೆಳಗೆ, ಅದೇ ಪ್ರಾಪರ್ಟಿಯಾಗಿ ಬರಬೇಕು. ಮೀಡಿಯಾ ಷರತ್ತು 600 ಪಿಕ್ಸೆಲ್ ಅಗಲ ಎಂಬಂಥದ್ದಲ್ಲ, ಅನುಪಾತದ್ದು. ಕಾಯಿಲೆ ಅನುಪಾತದ್ದಾಗಿರುವಾಗ ಮದ್ದೂ ಅದರದೇ ಇರಲಿ. ಫೋನು ಅಡ್ಡ ತಿರುಗಿಸಿದರೆ ತಾನಾಗಿ ಅಗಲದ ಫೋಟೊಗೆ ಹೋಗುತ್ತದೆ. ಹಿನ್ನೆಲೆ ಬಣ್ಣ ಫೋಟೊದ ಕಾಡಿನ ನೆರಳಿನಿಂದ ತೆಗೆದದ್ದು. ಫೋಟೊ ಇಳಿಯುವವರೆಗೂ ಬಿಳಿ ಅಕ್ಷರ ಓದಲು ಬರಬೇಕಲ್ಲ.

ಸಿಎಸ್‌ಎಸ್ ಓದಿ ಮುಗಿಯುವ ತನಕ ಹಿನ್ನೆಲೆ ಚಿತ್ರ ಬೇಕೆಂಬುದು ಬ್ರೌಸರಿಗೆ ತಿಳಿಯುವುದಿಲ್ಲ. ಆದ್ದರಿಂದ ಎಚ್‌ಟಿಎಂಎಲ್‌ನ ಹೆಡ್‌ನಲ್ಲಿ ಫೋಟೊವನ್ನು ಮೊದಲೇ ತರಿಸುವ ಎರಡು ಪ್ರೀಲೋಡ್ ಲಿಂಕ್, ನಿಂತ ಫೋಟೊದ್ದಕ್ಕೆ ಮೇಲಿನ ಅನುಪಾತದ ಮೀಡಿಯಾ ಷರತ್ತು, ಅಗಲದ್ದಕ್ಕೆ ಅದರ ವಿರುದ್ಧದ್ದು. ಷರತ್ತು ಮರೆತರೆ ಎರಡೂ ಫೋಟೊ ಇಳಿಯುತ್ತವೆ, ಮಾಡಿದ ಉಳಿತಾಯ ನೀರುಪಾಲು.

ಎರಡು ಶಿಖರದ ಫೋಟೊ

ಪುಟದ ನಡುವೆ ಭೋಗನಂದೀಶ್ವರ ದೇವಸ್ಥಾನದ ಫೋಟೊ, ಅದೂ 3:2, ಅದಕ್ಕೂ ಕವರ್. ದೇವಸ್ಥಾನದಲ್ಲಿ ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳು ಅಕ್ಕಪಕ್ಕ, ನಡುವೆ ಪುಟ್ಟ ಉಮಾಮಹೇಶ್ವರ. ಫೋಟೊದಲ್ಲಿ ಒಂದು ಶಿಖರ ಶೇ. 22ರಲ್ಲಿ, ಇನ್ನೊಂದು ಶೇ. 80ರಲ್ಲಿ. ಎರಡನ್ನೂ ಉಳಿಸಲು ಕನಿಷ್ಠ ಶೇ. 58ರಷ್ಟು ಅಗಲ ಕಾಣಬೇಕು. ನಿಂತ ಚೌಕಟ್ಟಿನಲ್ಲಿ ಸಿಗುವುದು 37.5. ಪೊಸಿಶನ್ ಎಲ್ಲಿಗೆ ಎಳೆದರೂ ಒಂದು ಗುಡಿ ಹೊರಗೆ. ಇಂಥ ಫೋಟೊಗೆ ಶೇಕಡಾ ಹುಡುಕುತ್ತಾ ಕೂರುವುದು ದಂಡ, ಚೌಕಟ್ಟನ್ನೇ ಬದಲಿಸಬೇಕು.

ಇದು ಹಿನ್ನೆಲೆಯೂ ಅಲ್ಲ. ಬರುವವರು ನೋಡಬೇಕಾದ ಫೋಟೊ, ಆಲ್ಟ್ ಬರಹ (ಚಿತ್ರವನ್ನು ಮಾತಿನಲ್ಲಿ ವಿವರಿಸುವ ಸಾಲು) ಬೇಕು, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳಬೇಕು. ಹಿನ್ನೆಲೆ ಚಿತ್ರಕ್ಕೆ ಅದಾವುದೂ ಇಲ್ಲ. ಇಮೇಜ್ ಟ್ಯಾಗಿಗೆ ಬದಲಿಸಿ, ಅಗಲ 100%, ಆಸ್ಪೆಕ್ಟ್-ರೇಶಿಯೊ 3/2, ಆಬ್ಜೆಕ್ಟ್-ಫಿಟ್ ಕವರ್ (ಇಮೇಜ್ ಟ್ಯಾಗಿಗೆ ಬ್ಯಾಕ್‌ಗ್ರೌಂಡ್-ಸೈಜ್‌ನ ಬದಲು ಇದು). 360 ಅಗಲದಲ್ಲಿ 240 ಎತ್ತರ, ಎರಡು ಶಿಖರವೂ ಪೂರ್ತಿ, ಬರಹ ಫೋಟೊದ ಕೆಳಗೆ. ದೊಡ್ಡ ಪರದೆಗೆ ಆಸ್ಪೆಕ್ಟ್-ರೇಶಿಯೊ 21/9 ಇಟ್ಟರೆ ಮೇಲೆ ಕೆಳಗೆ ಮಾತ್ರ ಕತ್ತರಿ, ಶಿಖರದ ತುದಿ ಉಳಿಯಲು ಆಬ್ಜೆಕ್ಟ್-ಪೊಸಿಶನ್ 50% 15%. ಬ್ಯಾಕ್‌ಗ್ರೌಂಡ್-ಪೊಸಿಶನ್‌ನ ಮೂಲ ಬೆಲೆ ಮೇಲಿನ ಎಡಮೂಲೆ, ಆಬ್ಜೆಕ್ಟ್-ಪೊಸಿಶನ್‌ನದು ನಟ್ಟನಡು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಫೋಟೊ ಸರಿದಂತೆ ಕಾಣುವುದು ಇದರಿಂದ.

ಧನ್ಯವಾದ ಪುಟ, ಮತ್ತು ತಳದ ಎಲೆ

ಧನ್ಯವಾದ ಪುಟದಲ್ಲಿ ಮಂಜಿನ ಫೋಟೊವನ್ನು ಬಾಡಿ ಎಲಿಮೆಂಟಿಗೆ (ಪುಟದ ಬರಹವೆಲ್ಲ ಕೂರುವ ಭಾಗ) ಹಾಕಿತ್ತು, ಮೊಬೈಲಿನಲ್ಲಿ ಒಂದರ ಕೆಳಗೊಂದು ಮೂರು ಸಲ. ಬಾಡಿಯ ಹಿನ್ನೆಲೆ ಇಡೀ ಕಿಟಕಿಗೆ ಹರಡುತ್ತದೆ, ಆದರೆ ಅಳತೆ ತೆಗೆದುಕೊಳ್ಳುವುದು ಎಚ್‌ಟಿಎಂಎಲ್ ಎಲಿಮೆಂಟಿನಿಂದ. ಪುಟದಲ್ಲಿ ನಾಲ್ಕು ಸಾಲು ಬರಹ, ಎತ್ತರ 300. ಆಗ ಕವರ್ 360×300ಕ್ಕೆ ಲೆಕ್ಕ ಹಾಕಿ ಫೋಟೊವನ್ನು 450×300 ಮಾಡುತ್ತದೆ. ಕಿಟಕಿ 640 ಇದ್ದರೆ ಉಳಿದ ಜಾಗಕ್ಕೆ ಅದೇ ಮತ್ತೆ ಮತ್ತೆ. ನೋ-ರಿಪೀಟ್ ಹಾಕಿದರೆ ಕೆಳಗೆ ಖಾಲಿ. ಎಚ್‌ಟಿಎಂಎಲ್‌ಗೆ ಮಿನ್-ಹೈಟ್ 100% ಕೊಟ್ಟರೆ ಮುಗಿಯಿತು.

ತಳದ ಪಟ್ಟಿಗೆ ಹಿಪ್ಪುನೇರಳೆ ಎಲೆಯ ಎಸ್‌ವಿಜಿ (ಗೆರೆಗಳಾಗಿ ಬರೆದ ಚಿತ್ರ) ಹೆಣಿಗೆ, ಎಲೆಯೊಂದಕ್ಕೆ 70 ಪಿಕ್ಸೆಲ್. ಬಲ ಅಂಚಿನಲ್ಲಿ ಎಲೆ ಅರ್ಧಕ್ಕೆ ತುಂಡಾಗುತ್ತಿತ್ತು. ಇದಕ್ಕೆ ಕವರ್ ಅಲ್ಲ, ಬ್ಯಾಕ್‌ಗ್ರೌಂಡ್-ರಿಪೀಟ್ "ರೌಂಡ್". ಅದು ಇಡೀ ಎಲೆಗಳೇ ಕೂರುವಂತೆ ಅಳತೆಯನ್ನು ಹಿಗ್ಗಿಸಿ ಕುಗ್ಗಿಸುತ್ತದೆ. 360 ಅಗಲದಲ್ಲಿ 5 ಎಲೆ, ಒಂದೊಂದೂ 72 ಪಿಕ್ಸೆಲ್. 1366ರಲ್ಲಿ 20 ಎಲೆ, 68.3 ಪಿಕ್ಸೆಲ್. ಸೈಜ್ ಬದಲಿಸಿದರೂ ಎಲೆ ಹಿಗ್ಗದೆ ಮೂಲೆಯಲ್ಲೇ ಕೂತಿತ್ತು. ಎಸ್‌ವಿಜಿಯಲ್ಲಿ ಅಗಲ ಎತ್ತರ ಇತ್ತು, ಒಳಗಿನ ಚಿತ್ರ ಅಳತೆಗೆ ತಕ್ಕಂತೆ ಹಿಗ್ಗಲು ಬೇಕಾದ ವ್ಯೂಬಾಕ್ಸ್ ಇರಲಿಲ್ಲ. "0 0 70 70" ಸೇರಿಸಿದ ಮೇಲೆ ಸರಿಹೋಯಿತು.

ಅಳೆದು ನೋಡಿದ ಪರದೆಗಳು: 320×568, 360×640, 412×780, 768×1024, 1366×650, 1920×950, ಮತ್ತು ಅಡ್ಡ ತಿರುಗಿಸಿದ 640×360. ಕೊನೆಯದರಲ್ಲಿ 420 ಎತ್ತರದ ತಲೆಪಟ್ಟಿ ಪರದೆಗಿಂತ ದೊಡ್ಡದಾಯಿತು, ಗುಂಡಿ ಮತ್ತೆ ಕೆಳಗೆ ಜಾರಿತು. ಮಿನ್-ಹೈಟನ್ನು "ಮಿನ್(420ಪಿಕ್ಸೆಲ್, 100ಎಸ್‌ವಿಎಚ್)" ಎಂದು ತಿದ್ದಿದೆ. 768×1024ರಲ್ಲಿ ಸಾಂದ್ರತೆ 2 ಇದ್ದರೆ ನಿಂತ ಫೋಟೊ 1.2 ಪಟ್ಟು ಹಿಗ್ಗುತ್ತದೆ. ಕಪ್ಪು ತೆರೆಯ ಅಡಿಯಲ್ಲಿ ಅದು ಕಣ್ಣಿಗೆ ಬೀಳಲಿಲ್ಲ, ಬಿಟ್ಟಿದೆ.

ಸರ್ವರಿಗೆ ಏರಿಸಿದ ಮೇಲೆ ಒಂದು ಫೋಟೊ ಬರಲಿಲ್ಲ. ಫೈಲಿನ ಬಾಲ ದೊಡ್ಡಕ್ಷರದಲ್ಲಿ, ಕೋಡಿನಲ್ಲಿ ಸಣ್ಣಕ್ಷರ. ವಿಂಡೋಸ್ ಎರಡನ್ನೂ ಒಂದೇ ಎನ್ನುತ್ತದೆ, ಲಿನಕ್ಸ್ ಸರ್ವರ್ ಒಪ್ಪುವುದಿಲ್ಲ. ಇನ್ನು ಉಳಿದದ್ದು ಪ್ರಿಂಟ್. ಬುಕಿಂಗ್ ಇರುವ ಉದ್ದನೆಯ ಪುಟವನ್ನು ಕಾಗದಕ್ಕೆ ಇಳಿಸಿದರೆ ಬ್ರೌಸರ್ ಹಿನ್ನೆಲೆ ಚಿತ್ರವನ್ನು ಮೂಲತಃ ಬಿಟ್ಟುಬಿಡುತ್ತದೆ, ಬಿಳಿ ಕಾಗದದ ಮೇಲೆ ಬಿಳಿ ಅಕ್ಷರವಾಗಿ ಹೋಮ್‌ಸ್ಟೇಯ ಹೆಸರೇ ಅಳಿಸಿಹೋಗುವ ಸಾಧ್ಯತೆ ಇತ್ತು. ಕೊನೆಯ ಸಾಲು ಅದಕ್ಕೆ:

@ಮೀಡಿಯಾ ಪ್ರಿಂಟ್ {
  .ತಲೆಪಟ್ಟಿ { ಮಿನ್-ಹೈಟ್: 0; ಬ್ಯಾಕ್‌ಗ್ರೌಂಡ್: ನನ್; ಕಲರ್: #000; }
}